ಮಸಿ ಮಡಕೆಯ ನೀರು

ನರ್ಸಮ್ಮನ ಉಗುರುಗಳ ಅಂಚಿನಲ್ಲಿ ಒಂದು ಕಪ್ಪು ಗೆರೆ ಇತ್ತು ಎಂಬ ಈ ಒಂದು ವಾಕ್ಯವನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಕಣ್ಣಿನ ಪೊರೆ ತೆಗೆಸಿದ ಮೇಲೆ ಬರೆಯೋಣ ಎಂದುಕೊಂಡಿದ್ದೆ, ತೆಗೆಸಿ ಬಹಳ ಕಾಲವಾಯಿತು. ಹೆಂಡತಿ ಇರುವವರೆಗೆ ಬೇಡ ಎಂದುಕೊಂಡಿದ್ದೆ, ಅವಳೂ ಹೋದಳು. ನನಗೀಗ ಎಂಬತ್ತು ದಾಟಿದೆ, ಮುಂದೂಡಲು ನೆಪ ಉಳಿದಿಲ್ಲ. ಆದರೂ ಇವತ್ತು ಬೆಳಿಗ್ಗೆ ಅವರ ಹೆಸರು ಬರೆಯಲು ಹೋಗಿ ಮೊದಲ ಅಕ್ಷರಕ್ಕೇ ನಿಲ್ಲಿಸಿದೆ, ಅದನ್ನೂ ಹೊಡೆದುಹಾಕಿದೆ. ಊರು ಕರೆಯುತ್ತಿದ್ದಂತೆ ನರ್ಸಮ್ಮ ಎಂದೇ ಬರೆಯುತ್ತೇನೆ.

ಹೆರಿಗೆ ಮಾಡಿಸುವವರ ಉಗುರಿನಲ್ಲಿ ಕಪ್ಪು ಇರಬಾರದು. ಅದು ಅವರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಒಂದು ಮನೆಗೆ ಹೋದರೆ ಮೊದಲು ಕೇಳುವುದು ಬಿಸಿನೀರು ಮತ್ತು ಸಾಬೂನು. ಮೊಣಕೈವರೆಗೆ ಉಜ್ಜಿ ಉಜ್ಜಿ ತೊಳೆಯುವುದನ್ನು ಮಕ್ಕಳೆಲ್ಲ ಆಟದಂತೆ ನಿಂತು ನೋಡುತ್ತಿದ್ದರು. ಆದರೆ ಆ ಒಂದು ಬೇಸಿಗೆಯಲ್ಲಿ ಎಷ್ಟು ಉಜ್ಜಿದರೂ ಆ ಗೆರೆ ಹೋಗಲಿಲ್ಲ. ಅದು ತೆಂಗಿನ ಗೆರಟೆಯನ್ನು ಸುಟ್ಟು ಮಾಡಿದ ಇದ್ದಿಲಿನ ಮಸಿ.

ಅವರು ಬ್ರಹ್ಮಾವರದ ಕಡೆಯವರು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡ ಮೇಲೆ, ಅಣ್ಣನೊಬ್ಬನ ಹಟದಿಂದ ಮದ್ರಾಸಿಗೆ ಹೋಗಿ ಹೆರಿಗೆಯ ಕೆಲಸ ಕಲಿತು ಬಂದಿದ್ದರು. ಕೋಟೇಶ್ವರದಿಂದ ಬೀಜಾಡಿಗೆ ಇಳಿಯುವ ದಾರಿಯಲ್ಲಿ ಒಂದು ಸಣ್ಣ ಹಂಚಿನ ಮನೆ ಅವರದು. ಬಿಳಿ ಸೀರೆ, ಗಂಡಸರ ದೊಡ್ಡ ಕೊಡೆ, ಚರ್ಮದ ಚೀಲ. ನಡಿಗೆ ಎಷ್ಟು ಬಿರುಸೆಂದರೆ ಕರೆಯಲು ಬಂದವನೇ ಹಿಂದೆ ಉಳಿಯುತ್ತಿದ್ದ. ಮಾತು ಮೆದುವಲ್ಲ. ನೋವು ತಿನ್ನುತ್ತಿದ್ದ ಹೆಂಗಸಿನ ಹತ್ತಿರ ಕುಳಿತು ಅಳುವ ಅತ್ತೆಯರನ್ನು, "ನಿಮ್ಗೆ ಬ್ಯಾನಿ ಬಂದದ್ದಾ? ಇಲ್ಲೆ ಅಲ್ದಾ? ಹಾಂಗಾರೆ ಹೆರ್ಗೆ ಹೋಯ್ನಿ," ಎಂದು ಅಂಗಳಕ್ಕೆ ಅಟ್ಟುತ್ತಿದ್ದರು.

ಆ ಬೇಸಿಗೆ ಹೆರಿಗೆಯಾದ ಮನೆಯವರು ಪ್ರೀತಿಯಿಂದ ತೆಂಗಿನಕಾಯಿ ಕೊಟ್ಟರೆ, "ಕಾಯಿ ನೀವೇ ತಿನ್ನಿ ಮಾರಾಯ್ರೆ, ಗೆರಟಿ ನಂಗ್ ಕೊಡಿ," ಎನ್ನುತ್ತಿದ್ದರು. ಸ್ನಾನದ ಒಲೆಗೆ ಎಂದು ನಾವು ತಿಳಿದಿದ್ದೆವು. ಅವರ ಇನ್ನೊಂದು ಮಾತು ಊರಿಗೆಲ್ಲ ಬಾಯಿಪಾಠವಾಗಿತ್ತು. ಯಾರಿಗೆ ಏನೇ ಆಗಿರಲಿ, ಮೊದಲು ಬಾಯಿ ನೋಡಬೇಕು. "ಬಾಯ್ ಬಿಡ್ ಕಾಂಬ," ಎನ್ನುತ್ತಿದ್ದರು. ಹೆಂಗಸರು ಬಾಯಿ ಬಿಟ್ಟದ್ದೇ ತಮ್ಮ ಕಷ್ಟ ಹೇಳಲು ತೊಡಗಿದರೆ, "ಮಾತಾಡುಕಲ್ಲ, ನಂಗೆ ಕಾಂಬುಕೆ!"

ನಾನಾಗ ಹೈಸ್ಕೂಲು ಮುಗಿಸಿ, ಕೋಟೇಶ್ವರದ ಒಬ್ಬ ದೊಡ್ಡ ಒಡೆಯರ ಮಂಡಿಯಲ್ಲಿ ಗುಮಾಸ್ತನಾಗಿದ್ದೆ. ಮದುವೆಯಾಗಿ ವರ್ಷ ಕಳೆದಿರಲಿಲ್ಲ. ಒಡೆಯರ ಮನೆಯವರು ಪ್ರತಿ ಬೇಸಿಗೆ ಬೀಜಾಡಿ ದಾರಿಯಲ್ಲಿ ಅರವಟ್ಟಿಗೆ ಇಡುತ್ತಿದ್ದರು, ಅಂದರೆ ಹೋಗುವವರು ಬರುವವರಿಗೆಲ್ಲ ಧರ್ಮಕ್ಕೆ ನೀರು ಕೊಡುವ ಚಪ್ಪರ. ಕಡಲು ಹತ್ತಿರವಾದ್ದರಿಂದ ಆ ಕಡೆಯ ಬಾವಿಗಳೆಲ್ಲ ಬೇಸಿಗೆಯಲ್ಲಿ ಉಪ್ಪಾಗುತ್ತವೆ. ಒಡೆಯರ ಮನೆಯ ಬಾವಿಯಿಂದ ಗಾಡಿಯಲ್ಲಿ ಸಿಹಿನೀರು ತಂದು ಚಪ್ಪರದ ದೊಡ್ಡ ತಾಮ್ರದ ಕೊಪ್ಪರಿಗೆಗೆ ತುಂಬುವುದು. ದಾರಿಹೋಕರಿಗೆ ಅದರಲ್ಲೇ ಪುನರ್ಪುಳಿ ಎಂಬ ಹುಳಿ ಹಣ್ಣಿನ ಸಿಪ್ಪೆ, ಬೆಲ್ಲ ಹಾಕಿದ ಪಾನಕ. ಪಾನಕ ಮುಗಿದ ಮೇಲೆ ಅದಕ್ಕೇ ತುಂಬಿದ ಬರೀ ನೀರು ಸುತ್ತಲಿನ ಮನೆಗಳಿಗೆ. ಇದರಲ್ಲಿ ಒಡೆಯರ ತಾಯಿ ನಡೆಸಿಕೊಂಡು ಬಂದ ಒಂದು ಪದ್ಧತಿ ಇತ್ತು. ದಿನದ ಮೊದಲ ಕೊಡ ಪಾನಕ ಬಸುರಿಯರಿಗೆ. ಬಸುರಿ ಬಾಯಿಗೆ ಹುಳಿ ಬೇಕು, ಅದೂ ಧರ್ಮದ ನೀರು, ಹೊಟ್ಟೆಯಲ್ಲಿರುವ ಮಗುವಿಗೂ ಒಳ್ಳೆಯದು ಎಂದು ಆ ಹಿರಿಯ ಜೀವದ ನಂಬಿಕೆ. ಬಸುರಿಯರಿರುವ ಮನೆಯವರು ಬೆಳಗಾಗುವಾಗ ಕೊಡ ಹಿಡಿದು ಬಂದು ನಿಲ್ಲುತ್ತಿದ್ದರು.

ಸಿಂಗಾಪುರ ಜಪಾನಿನವರ ಕೈಗೆ ಹೋದ ಬೇಸಿಗೆ ಅದು. ಪೆಟ್ರೋಲಿಲ್ಲದೆ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಏದುತ್ತ ಓಡುತ್ತಿದ್ದವು. ಕೊಪ್ಪರಿಗೆಗೆ ವರ್ಷಕ್ಕೊಮ್ಮೆ ಕಲಾಯಿ ಹಾಕಿಸಬೇಕು. ಕಲಾಯಿಗೆ ಬೇಕಾದ ತವರ ಆ ದೇಶಗಳಿಂದಲೇ ಬರುತ್ತಿತ್ತಂತೆ, ಅದು ನಿಂತುಹೋಗಿತ್ತು. ಕಲಾಯಿಯವನು ಕೈಚೆಲ್ಲಿದ. "ತವರ ಎಲ್ಲಿತ್ತ್ ಗುಮಾಸ್ತ್ರೆ? ಚೂರ್ ಇತ್ತ್. ಸೀಸ ಸಿಕ್ರೆ ಬೆರ್ಸಿ ಮಾಡ್ಲಕ್ಕ್. ಹೊಳ್ಪೂ ಬತ್ತ್."

ಸೀಸ ನನಗೆ ಸಿಕ್ಕಿತು. ಬೀಜಾಡಿಯಲ್ಲಿ ಒಂದು ಬಲೆಯವರ ಮನೆ, ಅವರ ಹಳೆಯ ಬಲೆಗಳ ಅಂಚಿಗೆ ಕಟ್ಟುತ್ತಿದ್ದ ಸೀಸದ ಗುಂಡುಗಳು ಒಂದು ಬುಟ್ಟಿ ಇದ್ದವು. ಅರವಟ್ಟಿಗೆಗೆ ಎಂದದ್ದೇ ಆ ಮನೆಯ ಹಿರಿಯ ಬುಟ್ಟಿಯನ್ನೇ ಎತ್ತಿ ಕೊಟ್ಟ. "ದೇವ್ರ ಕೆಲ್ಸಕ್ಕೆ ಅಲ್ದಾ, ಕೊಂಡೋಯ್ನಿ." ಅವನ ಸೊಸೆ ಅದನ್ನು ನನ್ನ ತಲೆಯ ಮೇಲೆ ಇಡಲು ಕೈಕೊಟ್ಟಳು. "ಭಾರ ಇತ್ತ್ ಅಣ್ಣ, ಕುತ್ಗಿ ಜೋಪಾನ," ಎಂದು ನಕ್ಕಳು. ಕೊಪ್ಪರಿಗೆ ಒಳಗೆಲ್ಲ ಬೆಳ್ಳಿಯಂತೆ ಹೊಳೆಯಿತು. ಒಡೆಯರು, "ಇಂಥಾ ಕಾಲ್ದಗೂ ಹ್ಯಾಂಗೋ ಮಾಡಿದ್ಯಲಾ," ಎಂದು ಬೆನ್ನು ತಟ್ಟಿದರು. ಸೀಸದ ಮಾತು ನಾನು ಎತ್ತಲಿಲ್ಲ. ಮುಚ್ಚಿಡಬೇಕೆಂದಲ್ಲ, ಹೇಳುವಂಥ ವಿಷಯವೆಂದೇ ಆಗ ಅನಿಸಲಿಲ್ಲ. ಅಲ್ಲಿಯವರೆಗೆ ನಾನು ತಪ್ಪಿತಸ್ಥನಲ್ಲ, ಏನೂ ತಿಳಿಯದವನು ಅಷ್ಟೆ.

ಆ ವರ್ಷದ ಪಾನಕವನ್ನು ಎಲ್ಲರೂ ಹೊಗಳಿದರು. ಬೆಲ್ಲಕ್ಕೆ ಅಭಾವ, ಕಡಿಮೆಯೇ ಹಾಕಿದ್ದೆವು, ಆದರೂ ಹುಳಿ ಹಲ್ಲಿಗೆ ಹತ್ತುತ್ತಿರಲಿಲ್ಲ. ರಾತ್ರಿಯಿಡೀ ನೆನೆದದ್ದಂತೂ ಬೇರೆಯೇ ಒಂದು ಸಿಹಿ. "ಎಂತ ಹಾಕಿದ್ರಿ ಗುಮಾಸ್ತ್ರೆ?" ಎಂದು ಕೇಳಿ ಕೇಳಿ ಕುಡಿದರು. ಹುಳಿಯಲ್ಲಿ ಕರಗಿದ ಸೀಸಕ್ಕೇ ಆ ಸಿಹಿ ಇರುತ್ತದೆಂದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ.

ಆಮೇಲೆ ಗರ್ಭ ನಿಲ್ಲದಾಯಿತು. ಮೊದಲು ಒಂದು ಮನೆಯಲ್ಲಿ, ಮತ್ತೆ ಅದರ ಪಕ್ಕದ ಮನೆಯಲ್ಲಿ, ಆಮೇಲೆ ದಾರಿಯಾಚೆ. ತಿಂಗಳು ತುಂಬುವ ಮೊದಲೇ ಹೋಗುತ್ತಿತ್ತು. ಹೊಟ್ಟೆ ಹಿಂಡುವ ನೋವು, ಮಲಬದ್ಧತೆ, ಕೊಡ ಎತ್ತಲು ಬಾರದಂತೆ ಸೋತ ಮಣಿಕಟ್ಟು. ದೃಷ್ಟಿ ಎಂದರು, ಗ್ರಹಚಾರ ಎಂದರು. ನರ್ಸಮ್ಮ ಬಾಯಿ ಬಿಡಿಸಿ ನೋಡಿದರು.

ಒಸಡಿನ ಅಂಚಿನಲ್ಲಿ, ಹಲ್ಲು ಹುಟ್ಟುವ ಕಡೆ, ಪೆನ್ನಿನಲ್ಲಿ ಎಳೆದಂತೆ ಒಂದು ನೀಲಿಗಪ್ಪು ಗೆರೆ. ಮದ್ರಾಸಿನ ಆಸ್ಪತ್ರೆಯಲ್ಲಿ ಅವರು ಅದನ್ನು ಕಂಡಿದ್ದರು, ಅಚ್ಚುಕೂಟದಲ್ಲಿ ಸೀಸದ ಮೊಳೆ ಜೋಡಿಸುವವರ ಬಾಯಲ್ಲಿ. ಬೀಜಾಡಿಯಲ್ಲಿ ಅಚ್ಚುಕೂಟ ಎಲ್ಲಿಂದ ಬರಬೇಕು? ಮನೆ ಮನೆಗೆ ಹೋಗಿ ಎಲ್ಲರ ತುಟಿ ಎತ್ತಿಸಿದರು. ನನ್ನ ಹೆಂಡತಿಗೆ ಆಗ ಮೂರನೆಯ ತಿಂಗಳು. ಅವಳ ಬಾಯಿಯನ್ನೂ ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. "ಕಂಡೂ ಕಾಣ್ದ ಹಾಂಗ್ ಇತ್ತ್. ಎಲ್ಲಿ ನೀರ್ ಕುಡಿತೆ ಹೆಣೆ?" "ಅರವಟ್ಗಿದೇ. ನಮ್ಮವ್ರೇ ಕೊಡ ತುಂಬ್ಸ್ಕಂಡ್ ತಪ್ಪುದಲೆ," ಎಂದಳು ಇವಳು, ಹೆಮ್ಮೆಯಿಂದ.

ಮರುದಿನ ಅವರು ನನ್ನನ್ನು ತಮ್ಮ ಮನೆಗೆ ಕರೆದರು. ಜಗಲಿಯಲ್ಲಿ ಮೂರು ಕಂಬದ ಮೇಲೆ ಒಂದು ಮಣ್ಣಿನ ಮಡಕೆ, ಅದರ ತಳದಲ್ಲಿ ತೂತು, ತೂತಿಗೆ ತೆಂಗಿನ ನಾರು. ನಾರಿನ ಮೇಲೆ ತೊಳೆದ ಮರಳು, ಮರಳಿನ ಮೇಲೆ ಅರ್ಧ ಮಡಕೆ ಕಪ್ಪು ಪುಡಿ. ಗೆರಟೆಗಳನ್ನು ಗುಂಡಿಯಲ್ಲಿ ಹಾಕಿ, ಹೊಗೆ ನಿಂತ ಮೇಲೆ ಮಣ್ಣು ಮುಚ್ಚಿ, ಆರಿದ ಇದ್ದಿಲನ್ನು ಒನಕೆಯಲ್ಲಿ ಕುಟ್ಟಿ, ಮಸಿ ಬಿಡುವುದು ನಿಲ್ಲುವವರೆಗೆ ಬಿಸಿನೀರಿನಲ್ಲಿ ತೊಳೆದದ್ದು. ಮೇಲೆ ಹೊಯ್ದ ನೀರು ಕೆಳಗಿನ ಪಾತ್ರೆಗೆ ಹನಿಹನಿಯಾಗಿ ಬೀಳುತ್ತಿತ್ತು.

ಎರಡು ಗಾಜಿನ ಲೋಟ ಇಟ್ಟರು. ಒಂದಕ್ಕೆ ಕೊಪ್ಪರಿಗೆಯ ಬರೀ ನೀರು, ಒಂದಕ್ಕೆ ಮಡಕೆಯಿಂದ ಇಳಿದದ್ದು. ಎರಡೂ ತಿಳಿ, ಯಾವುದು ಯಾವುದೆಂದು ಹೇಳಲಾಗದು. ಕುಂದಾಪುರದ ಆಸ್ಪತ್ರೆಯಿಂದ ತಂದ ಒಂದು ಬಾಟಲಿ ತೆಗೆದರು, ಕೊಳೆತ ಮೊಟ್ಟೆಯ ನಾತ. ಎರಡಕ್ಕೂ ಕೆಲವು ಹನಿ ಬಿಟ್ಟರು. ಮಡಕೆಯ ನೀರು ಇದ್ದ ಹಾಗೇ ಇತ್ತು. ಕೊಪ್ಪರಿಗೆಯ ನೀರು ನನ್ನ ಕಣ್ಣೆದುರಿಗೇ ಕಂದಾಗಿ, ಮತ್ತೆ ಕಾಫಿಯ ಬಣ್ಣಕ್ಕೆ ತಿರುಗಿತು.

ಹೆಂಡತಿಗೆ ನಾನೇ ತುಂಬಿಸಿಕೊಂಡು ಹೋದ ಕೊಡಗಳೆಲ್ಲ ಒಂದರ ಹಿಂದೆ ಒಂದು ಕಣ್ಣಿಗೆ ಬಂದವು.

"ಇದ್ ಸೀಸ," ಎಂದರು ನರ್ಸಮ್ಮ. "ಬಾವಿಗೆ ನೆಲ್ಲಿ ಹಲ್ಗಿ ಹಾಕ್ತ್ರಲ್ದಾ, ನೀರ್ ಚೊಕ್ಕ ಆಯ್ಕ್ ಅಂದ್? ಹಾಂಗೇ ಈ ಇದ್ಲಿ. ಸೀಸ ಹಿಡ್ಕಂತ್. ಆರೆ ಎಷ್ಟ್ ದಿನ? ಇದ್ಲಿ ಹಳ್ತಾರೆ ಹಿಡೂದಿಲ್ಲೆ. ಹುಳಿ ಬಿದ್ದ್ ನೀರಾರೆ ಸಮಾ ಹಿಡೂದೇ ಇಲ್ಲೆ. ಕೊಪ್ರಿಗಿ ಕಲಾಯಿ ಕೀಳ್ಕ್. ಎಂತ ಹಾಕ್ಸಿದ್ರಿ ನೀವ್?"

ಹೇಳಿದೆ. ಬಲೆಯ ಗುಂಡುಗಳನ್ನು ಹೊತ್ತು ತಂದದ್ದು, ಎಲ್ಲ. ಅವರು ಬೈಯಲಿಲ್ಲ. "ಗೊತ್ತಿಲ್ದೆ ಆದ್ದ್. ಒಡೇರತ್ರ ಇದೇ ಮಾತ್ ಹೇಳಿ. ಕೊಪ್ರಿಗಿ ಇಳ್ಸುವ," ಎಂದರು.

ನಾಳೆ ಹೇಳುತ್ತೇನೆ ಎಂದೆ. ಆ ನಾಳೆಯನ್ನು ದಿನ ದಿನವೂ ಮುಂದೂಡಿದೆ. ಕೆಲಸ ಹೋಗುತ್ತದೆ ಎಂಬ ಹೆದರಿಕೆಗಿಂತ, ಮಗು ಕಳೆದುಕೊಂಡ ಆ ಮನೆಗಳವರು ನನ್ನ ಮುಖ ನೋಡುತ್ತಾರಲ್ಲ ಎಂಬ ಹೆದರಿಕೆ ದೊಡ್ಡದಾಗಿತ್ತು. ಅಷ್ಟರಲ್ಲಿ ನರ್ಸಮ್ಮ ಸುಮ್ಮನೆ ಕೂರಲಿಲ್ಲ. ಬಸುರಿಯರಿರುವ ಮನೆಗಳಿಗೆ, ಪಾನಕ ಮುಟ್ಟಬೇಡಿ, ಬರೀ ನೀರನ್ನು ತನ್ನ ಮಡಕೆಯಲ್ಲಿ ಇಳಿಸಿಯೇ ಕುಡಿಯಿರಿ ಎಂದು ಹೇಳಿಬಂದರು. ಜನ ನಕ್ಕರು. "ಹ್ವಾಯ್ ನರ್ಸಮ್ಮ, ಬಸ್ ಓಡ್ಸುಕೆ ಹೊರ್ಟಿದ್ರ್ಯಾ? ಇದ್ಲಿ ಗುಡ್ಡಿಯೇ ಇತ್ತಲೆ!" "ಹೌದಾ, ಟಿಕೇಟ್ ಬಸ್ರಿಯರಿಗೆ ಮಾತ್ರ. ನಿಂಗೆ ಎಷ್ಟನೇ ತಿಂಗ್ಳಾ?" ಎಂದು ಅವರೂ ಬಿಡುತ್ತಿರಲಿಲ್ಲ. ಮಸಿ ಮಡಕೆ ಎಂದು ಹೆಸರು ಬಿತ್ತು. ಕೆಲವರು ಬಂದರು, ಬಲೆಯವರ ಮನೆಯ ಆ ಸೊಸೆಯೂ. ಅವಳಿಗೂ ದಿನ ತುಂಬುತ್ತಿತ್ತು. ಎಲ್ಲರಿಗಿಂತ ಮೊದಲು ನಾನು ಹೋಗುತ್ತಿದ್ದೆ, ಬೆಳಗಿನ ಜಾವ, ಯಾರೂ ನೋಡದ ಹಾಗೆ, ನನ್ನ ಹೆಂಡತಿಯ ಕೊಡ ಹಿಡಿದು. ಅಲ್ಲಿಂದ ನೇರ ಚಪ್ಪರಕ್ಕೆ ಬಂದು ಕೊಪ್ಪರಿಗೆಯ ನೀರನ್ನು ಊರಿಗೆ ಹಂಚುತ್ತಿದ್ದೆ.

ಈ ವಾಕ್ಯವನ್ನು ಬರೆದು ಇನ್ನೊಮ್ಮೆ ಓದಿದೆ. ಇದನ್ನು ಮಾಡಿದವನು ನಾನೇ.

ಸುದ್ದಿ ಒಡೆಯರಿಗೆ ಮುಟ್ಟಿತು. ಒಂದು ಬೆಳಿಗ್ಗೆ ಜಗಲಿಯ ತುಂಬ ಜನ. ಒಳಗಿನ ಬಾಗಿಲಲ್ಲಿ ಒಡೆಯರ ತಾಯಿ ಸೆರಗು ಬಾಯಿಗೆ ಒತ್ತಿ ನಿಂತಿದ್ದರು. ನರ್ಸಮ್ಮ ಅಂಗಳದಲ್ಲಿ, ಕೊಡೆ ಮಡಚಿ ಹಿಡಿದು.

"ನಮ್ಮ್ ಧರ್ಮದ್ ನೀರಂಗೆ ವಿಷ ಇತ್ತಂಬ್ರಲೆ, ಹೌದಾ?" ಎಂದರು ಒಡೆಯರು.

"ನೀರಂಗಲ್ಲ ಒಡೇರೆ, ಕೊಪ್ರಿಗಿಯಂಗೆ. ಕಲಾಯಿ ಎಂತದ್ರದ್ದ್ ಅಂದ್ ಒಂದ್ ಮಾತ್ ಕೇಣಿ. ನಿಮ್ಮ್ ಗುಮಾಸ್ತ್ರೇ ಇದ್ರಲೆ."

ಎಲ್ಲರೂ ನನ್ನ ಕಡೆ ತಿರುಗಿದರು. ನರ್ಸಮ್ಮನ ಮುಖದಲ್ಲಿ ನಿಶ್ಚಿಂತೆ ಇತ್ತು. ನಾನು ಹೇಳುತ್ತೇನೆ ಎಂಬುದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ. ನಾನು ಅವರ ಮಡಕೆಯ ನೀರು ಒಯ್ಯುವವನಲ್ಲವೇ?

"ತವರದ್ದೇ ಒಡೇರೆ," ಎಂದೆ. "ಚೊಕ್ಕ ತವರದ್ದ್."

"ಹಾಂಗಾರೆ ನಮ್ಮನಿ ಹೆಣ್ಣಿಗೆ ಆದ್ದ್ ಎಂತದ್?" ಎಂದು ಒಬ್ಬ ಮುದುಕ ಕೂಗಿದ. ಅವನ ಸೊಸೆಗೆ ಗರ್ಭ ಹೋಗಿತ್ತು. ಅವನ ಕಣ್ಣು ನನ್ನ ಮೇಲೇ ಇತ್ತು. ಆ ಕಣ್ಣಿನಿಂದ ಪಾರಾದರೆ ಸಾಕಿತ್ತು ನನಗೆ.

"ಆ ಮಸಿ ಮಡ್ಕಿ ನೀರ್ ಕುಡ್ದವ್ರಿಗೇ ಅಲ್ದಾ ಎಲ್ಲ ಆದ್ದ್? ಅದ್ರಂಗೆ ಎಂತೆಂತ ಮದ್ದ್ ಇತ್ತೋ, ಯಾರಿಗ್ ಗೊತ್ತಿತ್ತ್," ಎಂದೆ.

ಇಷ್ಟೇ. ಹೆರಿಗೆ ಮಾಡಿಸುವ ವಿಧವೆಯ ಮೇಲೆ ಬಸಿರು ಇಳಿಸುವ ಮದ್ದಿನ ಮಾತು. ಇದಕ್ಕಿಂತ ಬೇಗ ಹತ್ತಿಕೊಳ್ಳುವ ಬೆಂಕಿ ಇಲ್ಲ. ಗರ್ಭ ಹೋದವರಿಗೆಲ್ಲ ಹೋದದ್ದು ಮಡಕೆ ಇಡುವ ಮೊದಲೇ ಎಂದು ಜಗಲಿಯಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ. ಗದ್ದಲವೆದ್ದಿತು. ಅದರ ನಡುವೆ ನರ್ಸಮ್ಮ ನನ್ನನ್ನೇ ನೋಡಿದರು. ಸಿಟ್ಟಿನ ನೋಟವಲ್ಲ. ಬೆಳಕಿಗೆ ಹಿಡಿದು ಒಸಡು ನೋಡುತ್ತಿದ್ದರಲ್ಲ, ಅದೇ ನೋಟ.

"ಬಾಯ್ ಬಿಟ್ರ್ಯಲೆ," ಎಂದರು ನಿಧಾನವಾಗಿ. "ಕಂಡೆ."

ಕೊಡೆ ಬಿಡಿಸಿಕೊಂಡು ಹೊರಟುಹೋದರು.

ಮಧ್ಯಾಹ್ನದೊಳಗೆ ಯಾರೋ ಹೋಗಿ ಮಡಕೆ ಒಡೆದರು. ಅವರ ಅಂಗಳದ ತುಂಬ ಇದ್ದಿಲು ಚೆಲ್ಲಿತ್ತು, ಹೆಂಗಸರು ಅದನ್ನು ದಾಟದೆ ಸುತ್ತು ಬಳಸಿ ಹೋಗುತ್ತಿದ್ದರು. ಮರುದಿನದ ಬಸ್ಸಿಗೆ ಅವರು ಒಂದು ಟ್ರಂಕು ಹಿಡಿದು ಬೈಂದೂರಿನ ಕಡೆ ಹೋದರೆಂದು ಮಂಡಿಯಲ್ಲಿ ಯಾರೋ ಹೇಳಿದರು. ಮನೆಗೆ ಬಂದರೆ ಹಿತ್ತಲ ಮಾಡಿನ ಕೆಳಗೆ ಟಪ್, ಟಪ್ ಎಂದು ಸದ್ದು. ಹೊಸ ಮಡಕೆ, ಹೊಸ ಇದ್ದಿಲು. ಪಕ್ಕದಲ್ಲಿ ಕುಟ್ಟಿ ತೊಳೆದ ಪುಡಿಯ ಇನ್ನೊಂದು ಗಂಟು.

"ನರ್ಸಮ್ಮ ಇಟ್ಟ್ ಹೋದ್ರ್," ಎಂದಳು ಹೆಂಡತಿ. ಅವಳ ಕಣ್ಣು ಊದಿತ್ತು. "ಹೆರಿಗಿ ಆಪಲ್ಲಿವರಿಗೆ ಇದ್ರದ್ದೇ ಕುಡಿಕಂಬ್ರ್. ತಿಂಗ್ಳಿಗೊಂದ್ಸಲ ಇದ್ಲಿ ಬದ್ಲ್ ಮಾಡ್ಕಂಬ್ರ್."

"ನಂಗೆಂತಾರೂ ಹೇಳ್ರಾ?"

"ನಿಮ್ಗೆ ಹೇಳುಕೆ ಎಂತದೂ ಇಲ್ಲೆ ಅಂದ್ರ್."

ಮಡಕೆ ಒಡೆದ ಮೇಲೆ ಬಲೆಯವರ ಮನೆಯ ಸೊಸೆ ಮತ್ತೆ ಅರವಟ್ಟಿಗೆಗೆ ಬಂದಳು. ಬೇರೆ ನೀರು ಎಲ್ಲಿತ್ತು ಅವಳಿಗೆ? ಪದ್ಧತಿಯಂತೆ ದಿನದ ಮೊದಲ ಕೊಡ ಅವಳದು. "ಅಣ್ಣ, ಪೂರ್ತಿ ತುಂಬ್ಸಿ," ಎನ್ನುತ್ತಿದ್ದಳು. ತುಂಬಿಸಿಕೊಟ್ಟೆ. ಮಳೆ ಹಿಡಿಯುವ ಮೊದಲು ಅವಳ ಮಗು ಸತ್ತು ಹುಟ್ಟಿತು. ಹೇಗಾಯಿತೆಂದು ನಾನು ವಿಚಾರಿಸಲೂ ಇಲ್ಲ. ಅವಳ ಮಾವ ಚಪ್ಪರದ ಎದುರು ಹಾದುಹೋಗುವಾಗ ಎಂದಿನಂತೆ ನನಗೆ ಕೈಮುಗಿದ.

ಆ ದಿನ ಗಾಡಿಯವನನ್ನು ಊಟಕ್ಕೆ ಕಳಿಸಿ, ಕೊಪ್ಪರಿಗೆಯ ಕೆಳಗಿನ ಕಲ್ಲು ಜಾರಿಸಿ ಅದನ್ನು ಉರುಳಿಸಿದೆ. ಅದರ ಕಂಠ ಬಿರಿಯಿತು. ತಾನಾಗಿ ಬಿತ್ತು ಎಂದೆ. ಒಡೆಯರು ನಂಬಿದರು. ನಾನು ಹೇಳಿದ್ದನ್ನೆಲ್ಲ ಎಲ್ಲರೂ ನಂಬುತ್ತಿದ್ದರು. ಅದನ್ನು ಒಂದು ತಿಂಗಳು ಮೊದಲೇ ಉರುಳಿಸಬಹುದಿತ್ತು. ಅಷ್ಟು ಸುಲಭವಿತ್ತು ಅದು. ಈ ವಿಷಯ ನನ್ನನ್ನು ಈಗಲೂ ನಿದ್ದೆಯಿಂದ ಎಬ್ಬಿಸಿ ಕೂರಿಸುತ್ತದೆ.

ನಮಗೆ ಹೆಣ್ಣು ಮಗು ಹುಟ್ಟಿತು, ಗುಂಡುಗುಂಡಾಗಿ. ತೊಟ್ಟಿಲಿಗೆ ಹಾಕುವ ದಿನ ಹೆಂಡತಿ ಮಗುವಿನ ಕಿವಿಯಲ್ಲಿ ನರ್ಸಮ್ಮನ ಹೆಸರನ್ನು ಹೇಳಿದಳು. ನನ್ನ ತಾಯಿಗೆ ಆಶ್ಚರ್ಯವಾಯಿತು, ಮನೆತನದಲ್ಲಿಲ್ಲದ ಹೆಸರು. ಬೇಡ ಎನ್ನಬೇಕಾದರೆ ನಾನು ಕಾರಣ ಹೇಳಬೇಕಿತ್ತು. ಹೆಂಡತಿಗೆ ಎಷ್ಟು ಗೊತ್ತಿತ್ತೋ ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷ ತೆಂಗಿನಕಾಯಿ ವ್ಯಾಪಾರಕ್ಕೆಂದು ಬೈಂದೂರಿನ ಹತ್ತಿರದ ಬಿಜೂರಿಗೆ ಹೋಗಬೇಕಾಯಿತು. ನರ್ಸಮ್ಮ ಅಲ್ಲಿದ್ದಾರೆಂದು ಕೇಳಿದ್ದೆ. ಧೈರ್ಯಕ್ಕೆ ಮಗಳನ್ನು ಕರೆದುಕೊಂಡು ಹೋದೆ. ಮಗುವಿನ ಕೈ ಹಿಡಿದುಕೊಂಡರೆ ಮಾತು ಹೊರಡಬಹುದು ಎಂದು. ಗದ್ದೆಯಂಚಿನ ಮನೆ. ಜಗಲಿಯಲ್ಲಿ ಗೆರಟೆಯ ರಾಶಿ, ಕಂಬಗಳ ಮೇಲೆ ಕರಿ ಮಡಕೆ, ಟಪ್ ಟಪ್ ಸದ್ದು. ಅವರ ತಲೆ ಪೂರ್ತಿ ನರೆತಿತ್ತು. ನನ್ನನ್ನು ನೋಡಿದರು. ಮಗಳನ್ನು ಹತ್ತಿರ ಕರೆದರು.

"ಬಾಯ್ ಬಿಡ್ ಕಾಂಬ ಹೆಣೆ."

ಅವಳು ದೊಡ್ಡದಾಗಿ ಬಾಯಿ ಬಿಟ್ಟಳು. ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು.

"ಚೊಕ್ಕ ಇತ್ತ್," ಎಂದರು. "ಎಂತ ಹೆಸ್ರ್ ನಿಂದ್?"

ಮಗಳು ಹೇಳಿದಳು. ನರ್ಸಮ್ಮನ ಕೈ ಅವಳ ಗದ್ದದಲ್ಲೇ ನಿಂತಿತು.

"ಯಾರ್ ಇಟ್ಟದ್ದ್?"

"ಅಬ್ಬಿ," ಎಂದು ಅವಳು ತನ್ನ ಅಮ್ಮನನ್ನು ಹೇಳಿದಳು.

ನನ್ನ ಕಡೆ ತಿರುಗಿದರು. ಕಾದರು. ಖಂಡಿತ ಕಾದರು, ಅದನ್ನು ನಾನು ಬಲ್ಲೆ. ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ಕುಂದಾಪುರದಿಂದಲೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ನನ್ನ ಬಾಯಿಂದ ಹೊರಟದ್ದು: "ಮಳಿ ಬಪ್ಪು ಹಾಂಗ್ ಕಾಣ್ತ್."

"ಹೌದ್," ಎಂದರು. "ಕೂಕಣಿ. ನೀರ್ ಕುಡ್ದ್ ಹೋಯ್ನಿ."

ಕರಿ ಮಡಕೆಯಿಂದ ಇಳಿದ ನೀರನ್ನು ಲೋಟದಲ್ಲಿ ತಂದುಕೊಟ್ಟರು. ಉಗುರಿನ ಅಂಚಿನಲ್ಲಿ ಅದೇ ಗೆರೆ. ಕುಡಿದೆ. ಲೋಟ ಕೆಳಗಿಟ್ಟು ಮಗಳ ಕೈ ಹಿಡಿದು ಹೊರಟೆ.

ಅದಾಗಿ ಕೆಲವು ವರ್ಷಗಳಿಗೆ ಅವರು ತೀರಿಕೊಂಡ ಸುದ್ದಿ ಬಂತು. ಬೈಂದೂರಿನ ಕಡೆಯವರೊಬ್ಬರು ಮಂಡಿಯಲ್ಲಿ ಮಾತಿನ ನಡುವೆ ಹೇಳಿದ್ದು. ನಾನು ಹೌದೇ ಎಂದೆ, ತಕ್ಕಡಿಗೆ ಮೂಟೆ ಇಡಿಸಿದೆ.

ಆ ಹೆಸರನ್ನು ನಾನು ದಿನವೂ ಕರೆದಿದ್ದೇನೆ. ಊಟಕ್ಕೆ ಕರೆದಿದ್ದೇನೆ, ಪಾಠಕ್ಕೆ ಗದರಿದ್ದೇನೆ, ಮದುವೆಯ ಕಾಗದದಲ್ಲಿ ಅಚ್ಚು ಹಾಕಿಸಿದ್ದೇನೆ. ಒಂದು ಸಲವೂ ಅವರನ್ನು ಕರೆದದ್ದಲ್ಲ. ಮಗಳಿಗೂ ಈಗ ಮೊಮ್ಮಕ್ಕಳಿದ್ದಾರೆ. ನನ್ನ ಕಣ್ಣು ಮತ್ತೆ ಮಬ್ಬಾದ್ದರಿಂದ ದಿನಾ ಸಂಜೆ ಬಂದು ಪೇಪರು ಓದಿ ಹೇಳುತ್ತಾಳೆ, ಓದುವ ಮೊದಲು ನನಗೊಂದು ಲೋಟ ನೀರು ತಂದಿಡುತ್ತಾಳೆ. ತನ್ನ ಹೆಸರು ಯಾರದೆಂದು ಅವಳಿಗೆ ಗೊತ್ತಿಲ್ಲ.

ನಾಳೆ ಪೇಪರಿನ ಬದಲು ಈ ಹಾಳೆಗಳನ್ನು ಅವಳ ಕೈಗೆ ಕೊಡುತ್ತೇನೆ. ಗಟ್ಟಿಯಾಗಿ ಓದು ಎನ್ನುತ್ತೇನೆ. ತೊಟ್ಟಿಲಿನ ದಿನದ ಸಾಲಿಗೆ ಬಂದಾಗ, ಮೊದಲ ಹಾಳೆಯಲ್ಲಿ ನಾನು ಹೊಡೆದುಹಾಕಿದ ಅಕ್ಷರ ತನ್ನ ಹೆಸರಿನದೇ ಎಂದು ಅವಳಿಗೆ ತಿಳಿಯುತ್ತದೆ. ಓದಿ ಮುಗಿಸಿದ ಮೇಲೂ ನಾಡಿದ್ದು ಸಂಜೆ ಅವಳು ನನಗೆ ನೀರು ತಂದಿಡುತ್ತಾಳೋ ಇಲ್ಲವೋ, ನನಗೆ ಗೊತ್ತಿಲ್ಲ.